ಒಳಗಡೆ ತೂತಿಲ್ಲದ ಬೀಗ

ಮಳೆ ಹಿಡಿದರೆ ಛತ್ರಿ ಮಾರುವವನಿಗೂ ಬೀಗ ರಿಪೇರಿಯವನಿಗೂ ಸುಗ್ಗಿ ಎಂದು ಜನ ಅಂದುಕೊಂಡಿರುತ್ತಾರೆ. ಛತ್ರಿಯವನ ಸಂಗತಿ ಅವನನ್ನೇ ಕೇಳಬೇಕು; ಬೀಗದವನ ಮಟ್ಟಿಗೆ ಅದು ಶುದ್ಧ ಸುಳ್ಳು. ಮಳೆಗೆ ಮರದ ಕದ ನೀರು ಕುಡಿದು ಊದಿಕೊಳ್ಳುತ್ತದೆ, ಊದಿದ ಕದ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡ ಮೇಲೆ ಬೀಗದ ನಾಲಿಗೆ ಹಿಂದಕ್ಕೆ ಸರಿಯುವುದಿಲ್ಲ. ಮನೆಯವರು ಬೀಗವೇ ಕೆಟ್ಟಿತೆಂದು ಕೀಲಿಕೈಯನ್ನು ಬಲವಂತವಾಗಿ ತಿರುಚುತ್ತಾರೆ. ಅದು ಒಳಗೇ ಮುರಿಯುತ್ತದೆ. ಮಳೆಯಲ್ಲಿ ನೆನೆಯುತ್ತ ನಿಂತವರು ಹೊಗಳುವ ಮೂಡಿನಲ್ಲಿ ಇರುವುದಿಲ್ಲ, ಹಾಗಾಗಿ ಬಯ್ಗುಳ ಮಾತ್ರ ಬಿಟ್ಟಿಯಾಗಿ ಸಿಗುತ್ತದೆ.

ಮಳೆ ಹಿಡಿದ ಹದಿನೇಳನೆಯ ದಿನ ಬೆಳಿಗ್ಗೆ ಬೀಗದಣ್ಣ ಒಬ್ಬ ಬಸ್ ಡ್ರೈವರನ ಮನೆಯ ಮೆಟ್ಟಿಲ ಮೇಲೆ ಮಂಡಿಯೂರಿ ಕೂತಿದ್ದ. ಐವತ್ತನಾಲ್ಕು ವರ್ಷದ ಅವನನ್ನು ಅವನಿಗಿಂತ ಹಿರಿಯರೂ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಡ್ರೈವರ್ ಉಪಕಾರಕ್ಕೆಂದು ಛತ್ರಿ ಹಿಡಿದಿದ್ದ. ಛತ್ರಿಯ ಕಡ್ಡಿಯಿಂದ ಇಳಿದ ನೀರು ನೆಟ್ಟಗೆ ಬೀಗದಣ್ಣನ ಕಾಲರಿನೊಳಗೆ ಹೋಗುತ್ತಿತ್ತು.

"ಇನ್ನೂ ಎಷ್ಟು ಹೊತ್ತು ಅಣ್ಣಾ? ಒಂದು ಸಲ ಒದ್ದುಬಿಡಲಾ?"

"ಒದೆಯೋದಾದ್ರೆ ನನ್ನನ್ನ ಯಾಕೆ ಕರೆದ್ರಿ? ಕಾಲು ನಿಮಗೂ ಇದೆಯಲ್ಲ."

ಮಾತು ಬಿಗಿಯಾಗಿ ಬಂತು, ಕೈ ಮಾತ್ರ ಸಡಿಲವಾಗಿತ್ತು. ಎರಡು ವರ್ಷದಿಂದ ಚಳಿ ನೀರು ತಾಗಿದರೆ ಅವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಜೋಮು ಹಿಡಿಯುತ್ತಿದ್ದವು. ಬೀಗದೊಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಒಳಗಿನ ತಗಡುಗಳನ್ನು ಒಂದೊಂದಾಗಿ ತಂತಿಯಿಂದ ಎತ್ತುವಾಗ ಯಾವುದು ಎದ್ದಿತು, ಯಾವುದು ಜಾರಿತು ಎಂದು ಬೆರಳೇ ಹೇಳಬೇಕು. ಬೆರಳು ಸುಮ್ಮನಾದರೆ ಬೀಗದವನಿಗೂ ದಾರಿಹೋಕನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಹತ್ತು ನಿಮಿಷದ ಬೀಗಕ್ಕೆ ಅಂದು ಒಂದೂವರೆ ಗಂಟೆ ಹಿಡಿಯಿತು. ಬಾಗಿಲು ತೆರೆದಾಗ ಡ್ರೈವರ್ ಥ್ಯಾಂಕ್ಸ್ ಅನ್ನುವ ಬದಲು ಗಡಿಯಾರ ನೋಡಿದ.

ಅಷ್ಟರಲ್ಲಿ ಮಗಳ ಫೋನು ಬಂತು. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಈ ಹುಡುಗಿಗೆ ಮನೆಯಲ್ಲಿ ಗಿಣಿ ಎಂದು ಹೆಸರು. ಒಂದು ಕೇಳಿದರೆ ಹತ್ತು ಹೇಳುತ್ತಾಳೆ. ಅಂದು ಅವಳಿಗೆ ರಜೆ.

"ಅಪ್ಪಾ, ಬೇಗ ಬಾ. ನಾನು ಸ್ನಾನಕ್ಕೆ ಹೋಗಿದ್ದೆ, ಅಷ್ಟರಲ್ಲಿ ಅಜ್ಜಿ ಹೊರಟುಹೋಗಿದ್ದಾಳೆ. ಮೇಷ್ಟ್ರ ಮನೆ ಬೀಗ ತೆಗೆದು ಒಳಗೆ ಕೂತಿದ್ದಾಳಂತೆ. ಮೇಷ್ಟ್ರು ಇಲ್ಲಿ ಬಂದು ನಿಂತಿದ್ದಾರೆ."

ಮೇಷ್ಟ್ರು ಅಂದರೆ ಮೂರನೆಯ ಮನೆಯ ನಿವೃತ್ತ ಶಿಕ್ಷಕರು. ಬೀಗದಣ್ಣ ಹೋಗುವ ಹೊತ್ತಿಗೆ ಅವರು ಬಾಗಿಲಲ್ಲೇ ಇದ್ದರು.

"ನಿಮ್ಮ ತಾಯಿ ಅಂತ ಸುಮ್ಮನಿದ್ದೀನಿ. ನಾನು ಔಷಧಿ ತರೋಕೆ ಹೋಗಿ ಬರೋದ್ರೊಳಗೆ ಬಾಗಿಲು ಹಾರು ಹೊಡೆದಿತ್ತು. ಇವರು ನನ್ನ ಕುರ್ಚಿಲಿ ಕೂತು, 'ನಿಮಗೇನೂ ಆಗಿಲ್ಲ ತಾನೇ' ಅಂತ ನನ್ನನ್ನೇ ಕೇಳ್ತಾರೆ. ಬೀಗ ಹಾಕಿದವರು ನೀವೇ, ತೆಗೆಯೋರೂ ನಿಮ್ಮ ಮನೆಯವರೇ. ಬೇಲಿಯೇ ಎದ್ದು ಹೊಲ ಮೇಯ್ದರೆ ನಾವು ಯಾರಿಗೆ ಹೇಳೋದು?"

ಬೀಗದಣ್ಣ ಕೈ ಮುಗಿದ. ಬೇರೆ ಏನು ಮಾಡುತ್ತಾನೆ?

ಅಷ್ಟರಲ್ಲಿ ಗಿಣಿ ಕರೆತಂದಿದ್ದ ಅಮ್ಮ ಒಳಗೆ ಒಲೆಯ ಬಳಿ ಕೂತು ತಲೆ ಒರೆಸಿಕೊಳ್ಳುತ್ತಿದ್ದಳು. ಎಪ್ಪತ್ತೆಂಟು ವರ್ಷ. ಗಂಡ ಸತ್ತಾಗ ಇಬ್ಬರು ಮಕ್ಕಳನ್ನೂ ಒಂದು ಬೀಗದ ಅಂಗಡಿಯನ್ನೂ ಕಟ್ಟಿಕೊಂಡು, ಹೆಂಗಸು ಬೀಗ ತೆಗೆಯುವುದೇ ಎಂದು ನಕ್ಕವರ ಮನೆಬಾಗಿಲನ್ನೇ ತೆಗೆದುಕೊಟ್ಟು ಬದುಕಿದವಳು. ಬೀಗದಣ್ಣ ಕೆಲಸ ಕಲಿತದ್ದೂ ಅವಳ ಹತ್ತಿರವೇ. ಈಗ ಒಂದು ವರ್ಷದಿಂದ ಅವಳಿಗೆ ಮೊಮ್ಮಗಳ ಹೆಸರು ಮರೆತಿದೆ, ಊಟ ಮಾಡಿದ್ದು ಮರೆಯುತ್ತದೆ, ಗಂಡ ಸತ್ತದ್ದು ಮರೆತಿದೆ. ಬೆರಳಿಗೆ ಮಾತ್ರ ಒಂದೂ ಮರೆತಿಲ್ಲ. ಮಳೆ ಜೋರಾದ ಕೂಡಲೇ ಯಾರೋ ಬಾಗಿಲ ಹಿಂದೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಅವಳಿಗೆ ಅನ್ನಿಸುತ್ತದೆ. ಹೇರ್‌ಪಿನ್ನು ತೆಗೆದುಕೊಂಡು ಹೊರಟುಬಿಡುತ್ತಾಳೆ.

ಸಂಜೆ ಊಟಕ್ಕೆ ಬೇಯಿಸಿದ ಆಲೂಗೆಡ್ಡೆ, ಮೊಟ್ಟೆ, ಹಿಂದಿನ ದಿನದ ಬ್ರೆಡ್ಡು ಇತ್ತು. ಹೆಂಡತಿ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಬಂದವಳು. ಮನೆಯಲ್ಲಿ ಅವಳ ಸೌಟು ಸದ್ದು ಮಾಡಿಯೇ ಇಳಿಯುತ್ತಿತ್ತು.

"ಇದು ಎಷ್ಟನೇ ಮನೆ?" ಎಂದಳು.

"ನಾಲ್ಕನೇದು," ಎಂದಳು ಗಿಣಿ. "ಇಸ್ತ್ರಿ ಅಂಗಡಿ ಸೇರಿಸಿದ್ರೆ ಐದು."

"ನಿನ್ನನ್ನ ಯಾರೂ ಕೇಳಲಿಲ್ಲ. ರೀ, ನಾಳೆ ಯಾರದೋ ಮನೇಲಿ ಒಂದು ಚಮಚ ಕಾಣೆಯಾಗಲಿ, ಮೊದಲು ನಮ್ಮ ಹೆಸರೇ ಬರೋದು. ನಮ್ಮ ಬಾಗಿಲಿಗೆ ಗಟ್ಟಿ ಬೀಗ ಹಾಕಿ."

"ಬೀಗ ಇದೆಯಲ್ಲ."

"ನಿಮ್ಮಮ್ಮನಿಗೆ ಅದು ಬೀಗವಾ? ನನಗೆ ಈರುಳ್ಳಿ ಸುಲಿಯೋಕೆ ಹಿಡಿಯೋಷ್ಟು ಹೊತ್ತೂ ಅವರಿಗೆ ಹಿಡಿಯಲ್ಲ."

ಅಮ್ಮ ಮೊಟ್ಟೆಯ ಸಿಪ್ಪೆಯನ್ನು ಒಂದೂ ಚೂರು ಮುರಿಯದೆ ಬಿಡಿಸಿ ಸೊಸೆಯ ತಟ್ಟೆಗೆ ಇಟ್ಟಳು. "ತಿನ್ನು. ಕೆಲಸ ಮಾಡಿ ಬಂದಿದ್ದೀಯ," ಎಂದಳು. ಸೊಸೆ ಎದ್ದು ಅಡುಗೆಮನೆಗೆ ಹೋದವಳು ಸ್ವಲ್ಪ ಹೊತ್ತು ಈಚೆ ಬರಲಿಲ್ಲ.

ಅಲ್ಲಿಂದ ಆ ಮನೆಯಲ್ಲಿ ಒಂದು ವಿಚಿತ್ರ ಪಂದ್ಯ ಶುರುವಾಯಿತು. ಬೀಗದಣ್ಣ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿದ. ಅಮ್ಮ ಸ್ಟೂಲು ಹತ್ತಿದಳು. ಸ್ಟೂಲನ್ನು ಅಟ್ಟಕ್ಕೆ ಏರಿಸಿದರು. ಅವಳು ಪೊರಕೆಯ ಹಿಡಿಯಿಂದ ಚಿಲಕ ಸರಿಸಿದಳು. ನಾಲ್ಕು ತಗಡಿನ ಬೀಗ ಹೋಗಿ ಐದು ತಗಡಿನದು ಬಂತು. ಹೆಂಡತಿ ಮನೆಯ ಹೇರ್‌ಪಿನ್ನುಗಳನ್ನೆಲ್ಲ ಡಬ್ಬಿಗೆ ಹಾಕಿ ಶಾಲೆಗೆ ಒಯ್ದಳು. ಅಮ್ಮ ಹಳೆಯ ಛತ್ರಿಯ ಕಡ್ಡಿ ಮುರಿದುಕೊಂಡಳು. ಕೊನೆಗೆ ಅವನು ಏಳು ತಗಡಿನ ಬೀಗ ತಂದ. ಹತ್ತು ವರ್ಷ ಗ್ಯಾರಂಟಿ ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ಅಮ್ಮನ ಕೈಯಲ್ಲಿ ಅದು ಬೆಳಗಿನ ಹನ್ನೊಂದು ಗಂಟೆಯವರೆಗೆ ಬಾಳಿತು.

ಆ ಸುದ್ದಿ ಕೇಳಿ ಬೀಗದಣ್ಣನಿಗೆ ನಗು ಬಂತು. ಅಂಥ ಬೀಗ ತೆಗೆಯಲು ಅವನಿಗೇ ಈಗ ಅರ್ಧ ದಿನ ಬೇಕು. ಒಳಗೊಳಗೇ ಹೆಮ್ಮೆಯಾಯಿತು, ಅದನ್ನು ಹೆಂಡತಿಗೆ ತೋರಿಸುವಷ್ಟು ದಡ್ಡನಲ್ಲ ಅವನು.

ಅಮ್ಮನನ್ನು ಅಂಗಡಿಗೂ ಕರೆದೊಯ್ದು ನೋಡಿದ. ಅಂಗಡಿ ಅಂದರೆ ಬೀದಿಯ ತಿರುವಿನಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ತಗಡಿನ ಗೂಡು. ಎರಡು ದಿನಕ್ಕೆ ಅವಳಿಗೆ ಕೆಮ್ಮು ಹತ್ತಿತು. ಮೂರನೆಯ ದಿನ ಅವನು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಅವಳು ಪಕ್ಕದ ಸೈಕಲ್ ಅಂಗಡಿಯಲ್ಲಿ ಸರಪಳಿ ಹಾಕಿ ನಿಲ್ಲಿಸಿದ್ದ ಸೈಕಲ್ಲುಗಳನ್ನೆಲ್ಲ ಬಿಡುಗಡೆ ಮಾಡಿದ್ದಳು. ವೃದ್ಧಾಶ್ರಮಕ್ಕೆ ಹೋಗಿ ಕೇಳಿದರು. ಅಲ್ಲಿಯ ಮೇಡಂ ಎಲ್ಲ ಕೇಳಿಸಿಕೊಂಡು, "ಇಲ್ಲಿ ಇನ್ನೂ ಮೂವತ್ತು ಜನ ಇದ್ದಾರೆ. ಇವರು ಬಂದ್ರೆ ಆ ಮೂವತ್ತು ಜನವೂ ಬೀದೀಲಿ ಇರ್ತಾರೆ," ಎಂದು ಫೈಲು ಮುಚ್ಚಿದರು.

ಮಳೆಯ ನಾಲ್ಕನೆಯ ವಾರ ಬೀಗದಣ್ಣನ ತಂಗಿ ಬಂದಳು. ಊರಿನ ಆ ತುದಿಯಲ್ಲಿ, ಐದನೆಯ ಮಹಡಿಯಲ್ಲಿ ಅವಳ ಮನೆ. ಒದ್ದೆ ಕೋಟು ಬಿಚ್ಚುವ ಮೊದಲೇ ಬಾಗಿಲ ಮೇಲಿನ ಸ್ಕ್ರೂ ತೂತುಗಳನ್ನು ಎಣಿಸಿದಳು.

"ಅಣ್ಣಾ, ಇದು ಮನೇನಾ, ಜೈಲಾ? ಹೆತ್ತ ತಾಯಿನ ಕೂಡಿಹಾಕ್ತೀಯಾ?"

"ಎಲ್ಲಿ ಕೂಡಿಹಾಕೋಕೆ ಆಗಿದೆ?" ಎಂದ ಬೀಗದಣ್ಣ.

"ಇದೆಲ್ಲ ಯಾರ ಬುದ್ಧಿ ಅಂತ ನನಗೆ ಗೊತ್ತು."

ಹೆಂಡತಿ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗಿಟ್ಟಳು. ಮೂರು ದಿನವಾದರೂ ಒಣಗದ ಬಟ್ಟೆ ಅಡುಗೆಮನೆ ತುಂಬ ನೇತಾಡುತ್ತಿತ್ತು. "ನನ್ನದೇ ಬುದ್ಧಿ. ದೂರದ ಬೆಟ್ಟ ನುಣ್ಣಗೇ ಇರುತ್ತೆ ಕಣಮ್ಮಾ. ಒಂದು ವಾರ ನೀನು ಇಟ್ಕೋ. ಅವರ ಕೆಸರು ಬಟ್ಟೆ ನೀನು ಒಗಿ. ಆಮೇಲೆ ಜೈಲು ಯಾವುದು, ಮನೆ ಯಾವುದು ಅಂತ ಹೇಳು, ಕೇಳ್ತೀನಿ."

"ಇಟ್ಕೋತೀನಿ. ನನಗೇನು ಭಾರವಾ ಅಮ್ಮ?"

ಅಮ್ಮ ಚೀಲ ಹಿಡಿದು ಮಗಳ ಹಿಂದೆ ಮಗುವಿನಂತೆ ಹೋದಳು. ಎರಡು ದಿನ ಬೀಗದಣ್ಣನ ಮನೆಯಲ್ಲಿ ಎಲ್ಲರೂ ಸರಿಯಾಗಿ ಉಂಡರು, ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಹಾಗೆ ನೆಮ್ಮದಿಯಾಗಿದ್ದುದಕ್ಕೆ ಎಲ್ಲರಿಗೂ ನಾಚಿಕೆಯೂ ಆಗುತ್ತಿತ್ತು. ಮೂರನೆಯ ದಿನ ಸಂಜೆ ಟ್ಯಾಕ್ಸಿ ಬಂತು. ತಂಗಿ ಕೆಳಗಿಳಿಯಲಿಲ್ಲ; ಗಾಜು ಅರ್ಧ ಇಳಿಸಿ, "ಕೆಳಗಿನ ಮಹಡಿಯವರು ಒಂದು ಗಲಾಟೆ ಮಾಡಿದ್ದಾರೆ ಅಂದ್ರೆ... ನಮ್ಮದು ಬಾಡಿಗೆ ಮನೆ ಅಣ್ಣಾ," ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಹೆಂಡತಿ ಅತ್ತೆಯನ್ನು ಕೈಹಿಡಿದು ಇಳಿಸಿಕೊಂಡಳು.

ಇಷ್ಟಾದರೂ ಮನೆಯವರು ಹೇಗೋ ದಿನ ತಳ್ಳುತ್ತಿದ್ದರು. ತಳ್ಳಲು ಆಗದಂತೆ ಆದದ್ದು ಐದನೆಯ ವಾರದ ಮಂಗಳವಾರ.

ಬೀದಿಯ ಕೊನೆಯಲ್ಲಿ ಒಬ್ಬ ದರ್ಜಿ ಹೆಂಗಸಿದ್ದಳು. ಗಂಡನಿಲ್ಲ, ನಾಲ್ಕು ವರ್ಷದ ಒಂದು ಹೆಣ್ಣುಮಗು. ಹೊಲಿದ ಬಟ್ಟೆ ಮುಟ್ಟಿಸಲು ಹೋಗುವಾಗ ಮಗು ನಿದ್ದೆಯಲ್ಲಿದ್ದರೆ ಕಾಲು ಗಂಟೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಮಂಗಳವಾರ ಮಗು ಎದ್ದು ಅತ್ತಿತು. ಆ ಅಳು ಬೀದಿಯಲ್ಲಿ ನೆನೆಯುತ್ತ ಹೋಗುತ್ತಿದ್ದ ಅಮ್ಮನ ಕಿವಿಗೆ ಬಿತ್ತು. ಕೊನೆಗೂ ನಿಜವಾಗಿಯೇ ಒಬ್ಬರು ಬಾಗಿಲ ಹಿಂದೆ ಸಿಕ್ಕಿಕೊಂಡಿದ್ದರು. ಅವಳು ಬೀಗ ತೆಗೆದಳು, ಮಗುವಿನ ತಲೆ ಸವರಿದಳು, "ಹೋಗು ಕಂದ, ಇನ್ನು ಹೋಗು," ಎಂದು ದಾರಿ ಬಿಟ್ಟಳು. ಬೀದಿಯಲ್ಲಿ ಚರಂಡಿ ಯಾವುದು ರಸ್ತೆ ಯಾವುದು ತಿಳಿಯದಂತೆ ನೀರು ಹರಿಯುತ್ತಿತ್ತು.

ಮಗು ಸಿಕ್ಕಿತು. ಮುಕ್ಕಾಲು ಗಂಟೆಯ ಮೇಲೆ, ಮುಖ್ಯರಸ್ತೆಯ ಆಚೆಗಿನ ಬೇಕರಿಯಲ್ಲಿ, ಸೊಂಟದವರೆಗೆ ಕೆಸರಾಗಿ. ಅಷ್ಟು ಹೊತ್ತೂ ಬೀದಿಯ ಜನ ಕೋಲು ಹಿಡಿದು ಚರಂಡಿಯ ನೀರನ್ನು ತಡಕುತ್ತಿದ್ದರು. ಬೀಗದಣ್ಣನೂ ತಡಕಿದ. ಕೋಲಿಗೆ ಮೆತ್ತಗೆ ಏನೋ ತಾಗಿದಾಗ ಕೋಲು ಬಿಸಾಡಿ ಎರಡೂ ಕೈ ನೀರಿಗೆ ಹಾಕಿದ. ಎತ್ತಿದರೆ ಹಳೆಯ ದಿಂಬು.

ದರ್ಜಿ ಸಂಜೆ ಮನೆಗೆ ಬಂದಳು. ಕೂರಲಿಲ್ಲ.

"ಬೀಗದಣ್ಣಾ, ನಾನು ಜಗಳಕ್ಕೆ ಬಂದಿಲ್ಲ. ಅಜ್ಜಿಗೆ ಏನೂ ಅನ್ಬೇಡಿ. ಆ ಬೀಗ ಹಾಕಿಕೊಟ್ಟವರು ನೀವು. ಇನ್ಮೇಲೆ ಭಯವಿಲ್ಲ, ಯಾರೂ ಒಳಗೆ ಬರಲ್ಲ ಅಂತ ಹೇಳಿದ್ರಿ. ನಾನು ನಂಬಿದ್ದೆ. ಈಗ ನಾಳೆ ಬಟ್ಟೆ ಮುಟ್ಟಿಸೋಕೆ ಹೋಗೋದು ಹೇಗೆ ಅಂತ ಹೇಳಿಬಿಡಿ, ಹಾಗೇ ಮಾಡ್ತೀನಿ."

ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಹೋದ ಮೇಲೆ ಯಾರೂ ದೀಪ ಹಾಕಲು ಏಳಲಿಲ್ಲ.

"ನಾನು ಕೆಲಸ ಬಿಡಲಾ?" ಎಂದಳು ಹೆಂಡತಿ.

"ನೀನು ಬಿಟ್ಟರೂ ಅಷ್ಟೇ, ನಾನು ಬಿಟ್ಟರೂ ಅಷ್ಟೇ. ಗಿಣಿ ಸ್ನಾನಕ್ಕೆ ಹೋಗಿ ಬರೋದ್ರೊಳಗೆ ಹೋಗಿರಲಿಲ್ವಾ?"

"ಹಾಗಾದ್ರೆ ಒಳಗಡೆ ತೂತಿಲ್ಲದ ಬೀಗ ಹಾಕಿ. ಇದ್ದೇ ಇದೆಯಲ್ಲ, ಯಾಕೆ ಹಾಕ್ತಿಲ್ಲ?"

ಅದು ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ತಂತಿ ತೂರಲು ತೂತಿದ್ದರೆ ತಾನೇ ಅಮ್ಮನ ಬೆರಳಿಗೆ ಕೆಲಸ? ಆದರೆ ಆ ಮನೆಯ ಕಸುಬಿನಲ್ಲಿ ಒಂದು ನಿಯಮವಿತ್ತು. ಮನುಷ್ಯರು ಇರುವ ಬಾಗಿಲಿಗೆ ಒಳಗೂ ಹೊರಗೂ, ಎರಡೂ ಕಡೆ ಕೀಲಿಕೈ ಹಾಕುವ ತೂತು ಇರಬೇಕು. ಒಂದೇ ಕಡೆ ಸಾಕು ಎಂದು ಯಾರಾದರೂ ಕೇಳಿದರೆ, ಒಳಗೆ ಯಾರಿರುತ್ತಾರೆ ಎಂದು ಮೊದಲು ವಿಚಾರಿಸಬೇಕು. ಗೋದಾಮು ಅಂದರೆ ಹಾಕಿಕೊಡು, ಮನುಷ್ಯರು ಅಂದರೆ ಸಾಮಾನು ಚೀಲಕ್ಕೆ ತುಂಬಿಕೊಂಡು ಬಾ. ಹೆಂಡತಿಯನ್ನು ಕೂಡಿಹಾಕಲು ಬಂದಿದ್ದ ಒಬ್ಬ ದೊಡ್ಡ ಮನುಷ್ಯನನ್ನು ಅಮ್ಮ ಅಂಗಡಿಯಿಂದ ಅಟ್ಟಿದ್ದನ್ನು ಬೀಗದಣ್ಣ ಕಣ್ಣಾರೆ ಕಂಡಿದ್ದ. ಅವನೂ ಇಷ್ಟು ವರ್ಷದಲ್ಲಿ ಒಂದು ಸಲವೂ ನಿಯಮ ಮುರಿದಿರಲಿಲ್ಲ.

"ಬೆಂಕಿಗಿಂಕಿ ಬಿದ್ರೆ?" ಎಂದಳು ಗಿಣಿ ಮೆಲ್ಲಗೆ.

"ಗ್ಯಾಸು ಬಂದ್ ಮಾಡೇ ಹೋಗ್ತೀವಿ," ಎಂದಳು ತಾಯಿ. "ಅಪ್ಪ ಮಧ್ಯಾಹ್ನ ಬಂದು ನೋಡ್ಕೊಂಡು ಹೋಗ್ತಾರೆ. ಬೇರೆ ದಾರಿ ಇದ್ರೆ ನೀನೇ ಹೇಳು." ಗಿಣಿ ಎದ್ದು ಹೋಗಿ ದೀಪ ಹಾಕಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಬೀಗದಣ್ಣ ಕೆಲಸ ಹಿಡಿದ. ಹಳೆಯ ಬೀಗ ಬಿಚ್ಚಿದ. ಹೊಸದನ್ನು ಕೂರಿಸಿ, ಒಳಮೈಗೆ ಅಂಗೈ ಅಗಲದ ಬೋಳು ಉಕ್ಕಿನ ತಗಡು ಇಟ್ಟು ಸ್ಕ್ರೂ ಹಿಡಿಯತೊಡಗಿದ. ಅಮ್ಮ ಪಕ್ಕಕ್ಕೆ ಬಂದು ಕೂತು, ಕೇಳದೆಯೇ ಒಂದೊಂದು ಸ್ಕ್ರೂವನ್ನೂ ತಲೆ ಮೇಲಾಗಿ ಅವನ ಕೈಗೆ ಕೊಡುತ್ತ ಹೋದಳು, ಅವನು ಹುಡುಗನಾಗಿದ್ದಾಗ ಅವಳಿಗೆ ಕೊಡುತ್ತಿದ್ದ ಹಾಗೆ. ಮೂರು ಕೂತವು. ನಾಲ್ಕನೆಯದು ಅವನ ಜೋಮು ಬೆರಳಿನಿಂದ ಜಾರಿ ಬಿತ್ತು. ಎತ್ತಿದ, ಮತ್ತೆ ಬಿತ್ತು.

"ಕೈ ತಣ್ಣಗಾಗಿದೆ ನಿಂದು. ಕೊಡಿಲ್ಲಿ," ಎಂದು ಅಮ್ಮ ಸ್ಕ್ರೂಡ್ರೈವರ್ ಈಸಿಕೊಂಡಳು. ತಗಡಿನ ಮೇಲೆ ಬೆರಳಾಡಿಸಿದಳು. ಹುಬ್ಬು ಗಂಟಿಕ್ಕಿತು. "ಈ ಕಡೆ ತೂತಿಲ್ಲವಲ್ಲೋ. ಒಳಗೆ ಯಾರಿರ್ತಾರೆ?"

ಬೀಗದಣ್ಣ ಬಿದ್ದ ಸ್ಕ್ರೂವನ್ನು ನೆಲದಿಂದ ಎತ್ತಿ ಅವಳ ಕೈಗಿಟ್ಟ.

"ಒಂದು ಮಗು, ಅಮ್ಮ."

"ತೀರಾ ಚಿಕ್ಕದಾ?"

"ಹೂಂ. ಹೇಳಿದ್ದು ತಿಳಿಯಲ್ಲ ಅದಕ್ಕೆ."

ಅಮ್ಮ ಕಿಟಕಿಯಾಚೆ ಬೀಳುತ್ತಿದ್ದ ಮಳೆಯನ್ನು ನೋಡಿದಳು. "ಹಾಗಾದ್ರೆ ಸರಿ. ಬೀದಿಗೆ ಹೋಗಿಬಿಡುತ್ತೆ, ಪಾಪ," ಎಂದಳು. ಸ್ಕ್ರೂ ಇಟ್ಟು ಅದು ತಗಡಿಗೆ ಸಮನಾಗಿ ಕೂರುವವರೆಗೆ ತಿರುಗಿಸಿದಳು. ಆಮೇಲೆ ಅವನು ಕೂರಿಸಿದ್ದ ಮೂರನ್ನೂ ಒಂದೊಂದು ಸುತ್ತು ಬಿಗಿ ಮಾಡಿದಳು. ಬೀಗದಣ್ಣ ಅವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡ, ಹೊರಗೆ ಹೋಗಿ ಬಾಗಿಲೆಳೆದು ಬೀಗ ಹಾಕಿದ, ಬೀದಿಯ ತಿರುವಿನವರೆಗೂ ಓಡಿದ.

ಬೀದಿಯಲ್ಲಿ ಎಲ್ಲರೂ ಸಮಾಧಾನವಾದರು. ಮೇಷ್ಟ್ರು ಛತ್ರಿಯ ಕೆಳಗಿನಿಂದಲೇ ತಲೆಯಾಡಿಸಿದರು. ದರ್ಜಿ ಬಟ್ಟೆ ಮುಟ್ಟಿಸಲು ಹೋದಳು. ಮನೆಯಲ್ಲಿ ಬಟ್ಟೆ ಕೆಸರಾಗಲಿಲ್ಲ, ಅಮ್ಮನ ಕೆಮ್ಮೂ ಕಡಿಮೆಯಾಯಿತು. ಊಟದ ಹೊತ್ತಿನಲ್ಲಿ ಮಾತ್ರ ಯಾರೂ ಬಾಗಿಲಿಗೆ ಎದುರಾಗಿ ಕೂರುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬೀಗದಣ್ಣ ಬಿಸಿ ಬ್ರೆಡ್ಡನ್ನು ಕೋಟಿನೊಳಗೆ ಇಟ್ಟುಕೊಂಡು ಊಟಕ್ಕೆ ಬಂದ. ಮಳೆ ಓರೆಯಾಗಿ ಬಾಗಿಲಿಗೇ ಹೊಡೆಯುತ್ತಿತ್ತು. ಕೀಲಿಕೈ ತೆಗೆದು ಬಗ್ಗಿದವನಿಗೆ ಒಳಗಡೆಯಿಂದ ಸಣ್ಣ ಸದ್ದು ಕೇಳಿತು. ಉಕ್ಕಿನ ತಗಡಿನ ಮೇಲೆ ಬೆರಳುಗಳು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಾಡುತ್ತಿದ್ದವು.

"ಅಮ್ಮಾ," ಎಂದ.

ಸದ್ದು ನಿಂತಿತು. "ಯಾರು?"

"ನಾನು."

"ಹೊರಗೆ ಸಿಕ್ಕಿಕೊಂಡಿದ್ದೀರಾ?" ಎಷ್ಟೋ ವರ್ಷದಿಂದ ಅವನು ಕೇಳಿರದ ದನಿ ಅದು, ಗಿರಾಕಿಗಳ ಜೊತೆ ಮಾತಾಡುವಾಗ ಬರುತ್ತಿದ್ದ ಗಟ್ಟಿ, ನಿಧಾನದ ದನಿ.

ಅವನು ಬೀಗದತ್ತ ಚಾಚಿದ್ದ ಕೀಲಿಕೈಯನ್ನು ಹಿಂದಕ್ಕೆಳೆದುಕೊಂಡ. "ಹೌದು," ಎಂದುಬಿಟ್ಟ.

"ನೆನೀತಿದ್ದೀರೇನೋ. ಗೋಡೆಗೆ ಒತ್ತಿ ನಿಂತ್ಕೊಳ್ಳಿ, ಸೂರಿನ ನೀರು ಬೀಳಲ್ಲ. ಗಾಬರಿ ಮಾಡ್ಕೋಬೇಡಿ, ನಾನು ತೆಗೀತೀನಿ." ಬೆರಳುಗಳು ಮತ್ತೆ ಓಡಾಡಿದವು. ಬಹಳ ಹೊತ್ತು ಓಡಾಡಿದವು. "ಯಾವನೋ ಕೆಲಸ ಬಾರದವನು ಹಾಕಿದ್ದಾನೆ ಇದನ್ನ. ನನ್ನ ಕೈಗೇ ಸಿಗ್ತಿಲ್ಲ."

"ಪರವಾಗಿಲ್ಲಮ್ಮ," ಎಂದ ಅವನು. ದನಿ ಸರಿಯಾಗಿ ಹೊರಡಲಿಲ್ಲ.

"ಅಳಬೇಡಿ. ನನ್ನ ಮಗ ಊಟಕ್ಕೆ ಬರೋ ಹೊತ್ತಾಯ್ತು, ಅವನು ಬಂದ್ರೆ ನಿಮಿಷದ ಕೆಲಸ. ಅಲ್ಲೀವರೆಗೂ ನಾನು ಇಲ್ಲೇ ಬಾಗಿಲ ಹತ್ರ ಕೂತಿರ್ತೀನಿ. ಒಬ್ರೇ ಅಂದ್ಕೋಬೇಡಿ."

ಬಾಗಿಲ ಆಚೆ ಅವಳು ನೆಲಕ್ಕೆ ಕುಸಿದು ಕೂತ ಸದ್ದು ಕೇಳಿತು. ಬೀಗದಣ್ಣ ಕೀಲಿಕೈಯನ್ನು ಕೈಯಲ್ಲಿ ಹಿಡಿದುಕೊಂಡೇ, ಅಮ್ಮ ಹೇಳಿದ ಹಾಗೆ ಗೋಡೆಗೆ ಒತ್ತಿ ನಿಂತ.